ಬಿಟ್ಟಿದ್ದು ಕುಡಿತ, ಹಬ್ಬಿದ್ದು ರೋಗ

ನಾನು ಕುಡಿಯುವುದನ್ನು ಬಿಟ್ಟದ್ದು ಮಾಗಡಿ ಕೆರೆಯ ದಂಡೆಯಲ್ಲಿ. ದೂರದೇಶದಿಂದ ಬರುವ ಹಕ್ಕಿ ತೋರಿಸುತ್ತೇನೆಂದು ಬಾಡಿಗೆ ಕಾರಿನಲ್ಲಿ ಹೆಂಡತಿ, ಮಗಳನ್ನು ಕರೆದೊಯ್ದಿದ್ದೆ. ಹಿಂದಿನ ದಿನ ಗೆಳೆಯರ ಜೊತೆ ಭರ್ಜರಿ ಪಾರ್ಟಿಯಾಗಿತ್ತು. ಕೆರೆ ಬಂದದ್ದೂ ಗೊತ್ತಾಗದೆ ಕಾರಿನಲ್ಲೇ ಮಲಗಿಬಿಟ್ಟೆ. ಕಣ್ಣು ಬಿಟ್ಟಾಗ ಬಿಸಿಲೇರಿತ್ತು, ನೀರಿನ ಮೇಲೆ ಒಂದು ಹಕ್ಕಿಯೂ ಇರಲಿಲ್ಲ.

"ನಿನ್ನ ಗೊರಕಿ ಕೇಳಿ ಎಲ್ಲಾ ಹಾರಿ ಹೋದವು, ಅಪ್ಪಾ" ಅಂದಳು ಮಗಳು.

ಹೆಂಡತಿ ನಕ್ಕಳು, ಡ್ರೈವರ್ ನಕ್ಕ, ನಾನೂ ನಕ್ಕೆ. ಮಗಳು ಮಾತ್ರ ನಗಲಿಲ್ಲ. ಅವತ್ತಿನಿಂದ ಮುಟ್ಟಿಲ್ಲ.

ಬಿಡುವುದು ಅಂಥ ಕಷ್ಟವೇನೂ ಆಗಲಿಲ್ಲ. ಬಿಟ್ಟಿದ್ದೇನೆ ಎಂದು ಹೇಳುವುದಿತ್ತಲ್ಲ, ಅದು ಕಷ್ಟ. ನಮ್ಮ ಕಡೆ ಹೊಸ ಗಾಡಿ ತಂದರೆ ಪಾರ್ಟಿ, ಮಗ ಪಾಸಾದರೆ ಪಾರ್ಟಿ, ಫೇಲಾದರೆ ಸಮಾಧಾನಕ್ಕೊಂದು ಪಾರ್ಟಿ. ಬೆಳ್ಳಟ್ಟಿಯ ಗೆಳೆಯನ ಹೊಲದಲ್ಲಿ ಬೋರಿಗೆ ನೀರು ಬಿತ್ತು. ನೀರು ಬಿದ್ದದ್ದಕ್ಕೆ ನೀರನ್ನೊಂದು ಬಿಟ್ಟು ಉಳಿದದ್ದೆಲ್ಲ ಕುಡಿಯಲು ಭಾನುವಾರ ಮಧ್ಯಾಹ್ನ ಬೇವಿನ ಮರದ ಕೆಳಗೆ ಸೇರಿದೆವು. ನಡುವೆ ನನ್ನ ಅಕ್ಕನ ಗಂಡ, ಮುಂಡರಗಿಯ ಮಾಮಾ. ಸ್ವಂತ ಬಾಟಲಿ ತಂದು, ಗ್ಲಾಸನ್ನು ಮೂರೇ ಬೆರಳಲ್ಲಿ ಎತ್ತಿ, ನಡುನಡುವೆ ಜೋಲಿ ಹೊಡೆಯುತ್ತ ಹಾಡುತ್ತಿದ್ದರು. "ಗಂಡಸಂದ್ರ ಹಿಂಗಿರಬೇಕು" ಎಂದು ಎಲ್ಲರೂ ನೋಡುತ್ತಿದ್ದರು.

ಗೆಳೆಯ ನನ್ನ ಮುಂದೆ ಗ್ಲಾಸಿಟ್ಟ.

"ಬ್ಯಾಡೋ, ಬಿಟ್ಟೀನಿ."

ಮಾಮಾನ ಹಾಡು ನಿಂತಿತು.

"ಡಾಕ್ಟರ್ ಏನಂದ್ರಲೇ?" ಗೆಳೆಯ ಮೆಲ್ಲಗೆ ಕೇಳಿದ.

"ಯಾವ ಡಾಕ್ಟರ್?"

"ಮುಚ್ಚಿಡಬ್ಯಾಡ. ನಾವೇನು ಹೊರಗಿನವ್ರೇನು?" ಎನ್ನುತ್ತ ನನ್ನ ಮುಂದಿದ್ದ ಮಿರ್ಚಿ ಭಜಿಯ ತಾಟನ್ನು ಅತ್ತ ಎಳೆದುಕೊಂಡ. ನನ್ನ ಲಿವರ್ ಅವತ್ತೇ ಕೆಟ್ಟಿತು, ಊರವರ ಬಾಯಲ್ಲಿ.

ನಾಲ್ಕೇ ದಿನಕ್ಕೆ ಲಕ್ಷ್ಮೇಶ್ವರದಿಂದ ಅವ್ವನ ತಂಗಿ, ನನ್ನ ಚಿಗವ್ವ, ಬೆಟಗೇರಿಯ ನಮ್ಮ ಮನೆಗೆ ಬಂದಳು. ಕೈಚೀಲದಲ್ಲಿ ಬ್ರೆಡ್ಡು, ಬಾಳೆಹಣ್ಣು, ಎಳನೀರು. ನಾನು ಚುರುಮುರಿಯ ಖಾರದ ಗಿರ್ಮಿಟ್ ತಿನ್ನುತ್ತ ಕೂತಿದ್ದೆ. ನೋಡಿದ್ದೇ ಸೆರಗು ಕಣ್ಣಿಗೊತ್ತಿಕೊಂಡಳು.

"ತಿನ್ನಪ್ಪಾ, ತಿನ್ನು. ಈಗರ ಬಾಯಿಗೆ ಬೇಕಾದ್ದು ತಿನ್ನು."

"ಏನೂ ಆಗಿಲ್ರಿ ಅತ್ತಿ," ಹೆಂಡತಿ ಅಂದಳು, "ಕುಡಿಯೂದು ಬಿಟ್ಟಾರ ಅಷ್ಟ."

"ಏನೂ ಆಗದ ಯಾರರ ಬಿಡ್ತಾರೇನವಾ?"

ನನ್ನ ಗ್ಯಾರೇಜಿಗೆ ಬೈಕು ತರುವವರೂ "ಸಾವಕಾಶ ಮಾಡ್ರಿ, ದಣೀಬ್ಯಾಡ್ರಿ" ಎನ್ನತೊಡಗಿದರು. ಒಬ್ಬೊಬ್ಬರಿಗೂ ಇಲ್ಲ ಇಲ್ಲ ಎಂದು ಹೇಳಿ ಸಾಕಾಗಿ, ಕೊನೆಗೆ ಶಿರಹಟ್ಟಿಯ ಗಿರಾಕಿಯೊಬ್ಬರಿಗೆ "ಹೌದ್ರಿ, ಶುಗರ್ ಐತಿ" ಅಂದುಬಿಟ್ಟೆ. ಸುಳ್ಳು ಚೆನ್ನಾಗಿ ಕೆಲಸ ಮಾಡಿತು. ಯಾರೂ ಗ್ಲಾಸು ಹಿಡಿಸಲು ಬರಲಿಲ್ಲ.

ಅಕ್ಕನ ಮಗನ ನಿಶ್ಚಿತಾರ್ಥದವರೆಗೆ. ಮುಂಡರಗಿಯಲ್ಲಿ ಊಟದ ಪಂಕ್ತಿಗೆ ಕೂತೆ. ತುಪ್ಪ ಸವರಿದ ಹೋಳಿಗೆ ನನ್ನ ಎಲೆಯ ತನಕ ಬಂತು, "ಇವರಿಗೆ ಬ್ಯಾಡ, ಶುಗರ್ ಐತಿ" ಎಂದು ಯಾರೋ ಅಂದರು, ಹೋಳಿಗೆ ಮುಂದೆ ಹೋಯಿತು. ಎರಡನೇ ಸಲವೂ ಹಾಗೇ. ಪಕ್ಕದವರು ಐದನೆಯದನ್ನು ಹಾಲಿನಲ್ಲಿ ಕಿವುಚುತ್ತಿದ್ದರು. ಮೂರನೇ ಸಲ ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

"ನನಗ ಶುಗರ್ ಇಲ್ಲ! ಲಿವರ್ ನೆಟ್ಟಗೈತಿ! ಸುಮ್ಮನ ಕುಡಿಯೂದು ಬಿಟ್ಟೀನಿ, ಹೋಳಿಗಿ ಹಾಕ್ರಿ!"

ಬೀಗರ ಕಡೆಯವರು ಕೈಯಲ್ಲಿ ತುತ್ತು ಹಿಡಿದೇ ನೋಡಿದರು. ಅಕ್ಕ ಓಡಿಬಂದು, ಮೂರು ಹೋಳಿಗೆ ಹಾಕಿ, ಹೆಗಲು ಒತ್ತಿ ಕೂರಿಸಿದಳು.

ಕೈ ತೊಳೆಯುವಲ್ಲಿ ಮಾಮಾ ನನ್ನ ತೋಳು ಹಿಡಿದು ನೀರಿನ ಟ್ಯಾಂಕಿನ ಹಿಂದೆ ಎಳೆದೊಯ್ದರು. ಬೈಸಿಕೊಳ್ಳಲು ತಯಾರಾದೆ.

"ಅಷ್ಟು ಮಂದ್ಯಾಗ ಹೆಂಗ ಹೇಳಿದಿ ಲೇ ತಮ್ಮಾ?"

"ತಪ್ಪಾತ್ರಿ ಮಾಮಾ."

ಅವರು ಅತ್ತಿತ್ತ ನೋಡಿದರು. "ನಾ ಬಿಟ್ಟು ಎರಡು ವರ್ಷ ಆತು."

"ಮತ್ತ ಬೆಳ್ಳಟ್ಟ್ಯಾಗ?"

"ಕರೀ ಚಹಾ. ನಿಮ್ಮಕ್ಕ ಆರಿಸಿ, ಸೋಸಿ, ಬಾಟ್ಲಿಗೆ ಹಾಕಿ ಕೊಡ್ತಾಳ."

"ನೀವು ಹಾಡಿದ್ದು? ಜೋಲಿ ಹೊಡೆದದ್ದು?"

"ಅದಕ್ಕೂ ಕುಡೀಬೇಕೇನಲೇ?" ಮಾಮಾನಿಗೆ ಖರೇನೇ ಸಿಟ್ಟು ಬಂತು. ಆಮೇಲೆ ದನಿ ಇಳಿಸಿದರು. "ಕುಡಿಯೂದು ಬಿಟ್ಟೆ, ನಡೀತು. ಮಂದೀನ್ನ ಬಿಟ್ಟು ಹೆಂಗಿರೂದು?"

ನನಗೆ ನಗು ಬಂದಿತ್ತು, ಆದರೆ ಅವರ ಮುಖ ನೋಡಿ ನಗಲಿಲ್ಲ. ನೂರು ಜನರ ನಡುವೆ ಕೂತು ಎರಡು ವರ್ಷ ಈ ಮನುಷ್ಯ ಒಬ್ಬನೇ ತಣ್ಣನೆಯ ಚಹಾ ಕುಡಿದಿದ್ದಾನೆ.

ಮುಂದಿನ ಪಾರ್ಟಿಯಲ್ಲಿ ಮಾಮಾನ ಪಕ್ಕದಲ್ಲೇ ಕೂತೆ. ಯಾರೋ ನನಗೆ ಗ್ಲಾಸು ಹಿಡಿಸಲು ಬಂದಾಗ "ಅವನ್ನ ಬಿಡ್ರಲೇ" ಎಂದು ಮಾಮಾ ಗದರಿದರು. ಅಷ್ಟರಲ್ಲಿ ಬೆಳ್ಳಟ್ಟಿಯ ಗೆಳೆಯ, "ನಿಮ್ಮದು ಭಾರೀ ಮಾಲು ಕಾಣತೈತಿ ಮಾಮಾ" ಎನ್ನುತ್ತ ಅವರ ಬಾಟಲಿಯಿಂದ ಬಗ್ಗಿಸಿಕೊಂಡು ಒಂದು ಗುಟುಕು ಎಳೆದೇಬಿಟ್ಟ. ಮಾಮಾ ಉಸಿರು ಹಿಡಿದರು.

ಗೆಳೆಯ ನುಂಗಿದ. ಮಾಮಾನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಗ್ಲಾಸು ಮುಂದೆ ಚಾಚಿ, ಬೇರೆ ಯಾರಿಗೂ ಕೇಳದ ಹಾಗೆ ಅಂದ:

"ಇನ್ನೊಂದೀಟು ಹಾಕ್ರಿ."