ಬಾನೆಟ್ ಮೇಲೊಂದು ಅಂಗೈ ಬಿಸಿ

ನಾನು ಮೆಕ್ಯಾನಿಕ್. ಕೈಗೆ ಸಿಗದ್ದನ್ನು ನಂಬಿದವನಲ್ಲ. ಆದರೆ ಇದು ನನ್ನ ಕೈಗೇ ಸಿಕ್ಕಿದ್ದು, ಈ ಎಡಗೈಗೆ. ಹೋದ ಚಳಿಗಾಲದಲ್ಲಿ, ಆದೋನಿಯ ನಮ್ಮ ಶೆಡ್ಡಿನಲ್ಲಿ... ನೀವು ನಂಬದಿದ್ದರೂ ನಡೆದದ್ದು ನಡೆದದ್ದೇ.

ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಿಬಿಡುತ್ತೇನೆ. ಅದಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ.

ನಾನು, ಖಾಜಾ ಇಬ್ಬರೂ ಒಬ್ಬ ಉಸ್ತಾದರ ಹತ್ತಿರವೇ ಕೆಲಸ ಕಲಿತವರು. ಖಾಜಾ ನನಗಿಂತ ಮೂರು ವರ್ಷ ತಡವಾಗಿ ಸೇರಿದ. ಆದರೂ ಉಸ್ತಾದರಿಗೆ ಅವನೇ ಬೇಕು. ಯಾವುದೇ ಗಾಡಿ ಬರಲಿ, ಅವರು ಮೊದಲು ಬಾನೆಟ್ ಮೇಲೆ ಎಡ ಅಂಗೈ ಇಟ್ಟು, ಮಗುವಿನ ಜ್ವರ ನೋಡುವ ಹಾಗೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ, "ಖಾಜಾ, ಬಾ ಇಲ್ಲಿ." ನನ್ನ ಕಡೆ ತಿರುಗಿ, "ಈರ್ಯಾ, ಮೂರು ಚಾ ತಗಂಬಾ."

ನಾನು ಚಹಾ ಹಿಡಿದು ಬರುವಷ್ಟರಲ್ಲಿ ಇಬ್ಬರೂ ಬಾನೆಟ್ ಕೆಳಗೆ ತಲೆ ತಲೆ ಸೇರಿಸಿ ಏನೋ ಪಿಸುಗುಟ್ಟಿ ಮುಗಿಸಿರುತ್ತಿದ್ದರು. ಹನ್ನೊಂದು ವರ್ಷ ನಾನು ಚಹಾ ತಂದೆ. ಗ್ಲಾಸಿನ ಬಿಸಿಗಿಂತ ಹೊಟ್ಟೆಯ ಉರಿಯೇ ಹೆಚ್ಚಿರುತ್ತಿತ್ತು.

ಉಸ್ತಾದ್ ತೀರಿಕೊಂಡು ಎರಡು ವರ್ಷವಾಯಿತು. ಪತ್ತಿಕೊಂಡ ರಸ್ತೆಯ ಅವರ ಹಳೇ ಶೆಡ್ಡು ನನಗೆ ಉಳಿಯಿತು, ಹೆಸರು ಮಾತ್ರ ಖಾಜಾನಿಗೆ ಹೋಯಿತು. ಅವನು ಬೇರೆ ಶೆಡ್ಡು ಹಾಕಿದ. ಊರಿನವರೆಲ್ಲ, "ಖಾಜಾನ ಕೈ ಅಂದ್ರ ಉಸ್ತಾದ್ ಕೈ" ಅನ್ನತೊಡಗಿದರು. ಅದನ್ನು ಕೇಳಿದಾಗಲೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ಅಂಥ ದಿನಗಳಲ್ಲೇ ಹತ್ತಿ ವ್ಯಾಪಾರಿ ಶಿವಶಂಕರಪ್ಪನವರು ತಮ್ಮ ಹಳೇ ಪೆಟ್ರೋಲ್ ಕಾರು ತಂದರು. ಕಾರ್ಬುರೇಟರ್ ಕಾಲದ ಗಾಡಿ. ಬೆಳಗಿನ ಚಳಿಯಲ್ಲಿ ಚಾಲೂ ಆಗುತ್ತದೆ, ಆದರೆ ಆಕ್ಸಿಲರೇಟರ್ ತುಳಿದ ಕೂಡಲೇ ಉಸಿರು ಕಟ್ಟಿದಂತಾಗಿ ಕೆಮ್ಮಿ ನಿಲ್ಲುತ್ತದೆ. ಹತ್ತು ನಿಮಿಷ ಬಿಸಿಯಾಯಿತೆಂದರೆ ಯಾವ ತಕರಾರೂ ಇಲ್ಲ. ನಾನು ಪ್ಲಗ್ ಬದಲಾಯಿಸಿದೆ, ಕಾರ್ಬುರೇಟರ್ ತೊಳೆದೆ. ಎರಡು ಸಲ ಮನೆಗೆ ಹೋಯಿತು, ಎರಡು ಸಲವೂ ವಾಪಸ್ ಬಂತು.

"ನಮ್ಮಪ್ಪನ ಕಾರಪ್ಪಾ ಇದು, ಅಮ್ಮೇದಿ ಲೇದು. ಮಾರೋ ಮಾತs ಇಲ್ಲ" ಅಂದರು ಶಿವಶಂಕರಪ್ಪ. "ಸೋಮವಾರ ಮುಂಜಾನೆ ಉರುಕುಂದಕ್ಕ ದೇವ್ರಿಗೆ ಹೋಗಬೇಕು. ಅಷ್ಟರಾಗ ಆಗಲಿಲ್ಲ ಅಂದ್ರ ಹೇಳಿಬಿಡು, ಖಾಜಾನ ಕಡೆ ಒಯ್ತೀನಿ. ಬ್ಯಾಸರ ಮಾಡ್ಕೋಬ್ಯಾಡ."

ಬೇಸರವೇ? ನನ್ನ ಕೈಯಲ್ಲಾಗದ್ದು ಅವನ ಕೈಯಲ್ಲಾಯಿತು ಅಂತ ಊರಿಗೆಲ್ಲ ಗೊತ್ತಾದ ಮೇಲೆ ನಾನು ಶಟರ್ ಎಳೆದು ಮನೆಗೆ ಹೋಗುವುದೊಂದೇ ಬಾಕಿ.

ತಣ್ಣಗಿರುವಾಗ ಬರುವ ರೋಗವನ್ನು ತಣ್ಣಗಿರುವಾಗಲೇ ಹಿಡಿಯಬೇಕು. ಶನಿವಾರ ರಾತ್ರಿ ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿ ಪಕ್ಕದಲ್ಲೇ ಮಲಗಿದೆ. ಬೆಳಗಿನ ಜಾವ ಎದ್ದು ಉಸ್ತಾದರ ಹಾಗೆ ಬಾನೆಟ್ ಮೇಲೆ ಕೈ ಇಟ್ಟೆ. ತಗಡು ಕೊರೆಯುತ್ತಿತ್ತು. ಕೈ ಸ್ವಲ್ಪ ಆಚೆ ಸರಿಸಿದೆ...

ಅಲ್ಲಿ ಮಾತ್ರ ಬೆಚ್ಚಗಿತ್ತು. ಒಂದು ಅಂಗೈಯಷ್ಟು ಜಾಗ.

ಬೆಕ್ಕು ಮಲಗಿ ಎದ್ದು ಹೋಗಿರಬೇಕು ಅಂದುಕೊಂಡೆ. ಇಂಜಿನ್ ಚಾಲೂ ಮಾಡಿದೆ. ಕೆಮ್ಮಿತು. ಇಳಿದು, ಬಾನೆಟ್ ಎತ್ತಿ, ಅದು ಇದು ಬಿಚ್ಚಿ ನೋಡುವಷ್ಟರಲ್ಲಿ ಬಿಸಿಯಾಗಿ ಸರಿಹೋಗಿತ್ತು. ಆ ಹೊತ್ತು ದಂಡವಾಯಿತು.

ಭಾನುವಾರ ರಾತ್ರಿ ಶಟರ್ ಎಳೆದು ಒಳಗಿನಿಂದ ಬೀಗ ಹಾಕಿದೆ. ಕೆಳಗಿನ ಸಂದಿಗೆ ಗೋಣಿಚೀಲ ತುರುಕಿದೆ. ಬೆಕ್ಕಿರಲಿ, ಇಲಿಯೂ ಬರುವ ಹಾಗಿರಲಿಲ್ಲ.

ನಾಲ್ಕು ದಾಟಿರಬಹುದು. ಮೊದಲು ವಾಸನೆ ಬಂತು... ಜರ್ದಾ ಪಾನ್. ಶೆಡ್ಡಿನಲ್ಲಿ ಈಗ ಪಾನ್ ತಿನ್ನುವವರು ಯಾರೂ ಇಲ್ಲ. ಆಮೇಲೆ ಬಾನೆಟ್ಟಿನ ಕೊಂಡಿ ಬಿಚ್ಚಿಕೊಂಡ ಸದ್ದು. ಟಕ್... ಅದನ್ನೆತ್ತಿ ನಿಲ್ಲಿಸುವ ಸರಳು ಕಿರ್ ಅಂದಿತು. ನಾನು ಕಂಬಳಿಯೊಳಗೆ ಬೆವೆತು ಹೋದೆ.

"ಖಾಜಾ..."

ಅದೇ ದನಿ. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಮಾತಾಡುವ ಅದೇ ದನಿ.

"ಖಾಜಾ... ಈರ್ಯಾ ಚಾಕ್ಕ ಹೋಗ್ಯಾನೇನು?"

ಸುಳ್ಳು ಹೇಳುವುದಿಲ್ಲ. ಆ ಮಾತು ಕೇಳಿದ್ದೇ ತಡ, ಹೆದರಿಕೆಯನ್ನೂ ಮೀರಿ ಹಳೇ ಹೊಟ್ಟೆಕಿಚ್ಚು ಭಗ್ಗೆಂದಿತು. ಸತ್ತ ಮೇಲೂ ಅವನೇ ಬೇಕೇ ಇವರಿಗೆ? ನನ್ನದೇ ಶೆಡ್ಡಿನಲ್ಲಿ?

ಬಾಯಿ ತಾನಾಗಿ ಆಡಿತು.

"ಹ್ಞೂಂ ಉಸ್ತಾದ್. ಹೋಗ್ಯಾನ."

"ಹಂಗಾರ ಬಾ, ಜಲ್ದಿ. ಚಾಲೂ ಮತ್ ಕರ್. ಚಾಲೂ ಮಾಡಿದಿ ಅಂದ್ರ ಕಳ್ಳ ಓಡಿಹೋಗ್ತಾನ. ಥಂಡಿ ಇದ್ದಾಗs ಬಾಯಾಗ ನೋಡು."

ಎದ್ದು ಟಾರ್ಚ್ ಹಿಡಿದು ಹೋದೆ. ಯಾರೂ ಕಾಣಲಿಲ್ಲ. ಆದರೆ ಏರ್ ಫಿಲ್ಟರ್ ಆಗಲೇ ಬಿಚ್ಚಿತ್ತು, ಅದರ ನಟ್ಟು ಪಕ್ಕದಲ್ಲಿ ನೀಟಾಗಿ ಕೂತಿತ್ತು. ನಾನು ಬಿಚ್ಚಿರಲಿಲ್ಲ. ಕಾರ್ಬುರೇಟರ್ ಬಾಯೊಳಗೆ ಬೆಳಕು ಬಿಟ್ಟು, ಆಕ್ಸಿಲರೇಟರ್ ಲಿವರನ್ನು ಕೈಯಿಂದ ಒತ್ತಿದೆ. ಪೆಟ್ರೋಲ್ ಚಿಮ್ಮಬೇಕಿತ್ತು. ಒಂದು ಹನಿಯೂ ಬರಲಿಲ್ಲ.

"ಕಾರ್ಬುರೇಟರ್ ಪಂಪಿನ ಚರ್ಮದ ವಾಷರ್" ಅಂದಿತು ದನಿ, ನನ್ನ ಕಿವಿಯ ಹತ್ತಿರವೇ. "ಥಂಡ್ಯಾಗ ಗಟ್ಟಿ ಆಗ್ತೈತಿ, ಪೆಟ್ರೋಲ್ ತಳ್ಳಂಗಿಲ್ಲ. ಬಿಸಿಯಾದ್ರ ಮೆತ್ತಗ ಆಗ್ತೈತಿ, ತಳ್ತೈತಿ. ತಿಳೀತಾ, ಬೇಟಾ?"

ಹನ್ನೊಂದು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಬೇಟಾ ಅಂದವರಲ್ಲ. ಕಣ್ಣು ತುಂಬಿ ಬಂತು. ಅದು ನನಗೆ ಅಂದದ್ದಲ್ಲ ಅಂತ ನೆನಪಾಗಿ ಮತ್ತೆ ಹೊಟ್ಟೆ ಉರಿಯಿತು.

"ತಿಳೀತು ಉಸ್ತಾದ್" ಅಂದೆ.

ಮಸೀದಿಯಲ್ಲಿ ಬಾಂಗ್ ಕೂಗಿತು. ತಿರುಗಿ ನೋಡಿದರೆ ಬೀಗ ಹಾಕಿದ ಶಟರ್, ಹಾಗೇ ಇದ್ದ ಗೋಣಿಚೀಲ. ಬಾನೆಟ್ ತಗಡಿನ ಮೇಲೆ ಒಂದು ಅಂಗೈ ಬಿಸಿ.

ಉಸ್ತಾದರ ಹಳೇ ಡಬ್ಬಿಯಲ್ಲಿ ಹೊಸ ವಾಷರ್ ಇತ್ತು. ಎಣ್ಣೆಯಲ್ಲಿ ನೆನೆಸಿ ಹಾಕಿದೆ. ಶಿವಶಂಕರಪ್ಪ ಬಂದು, ಚಳಿಯಲ್ಲೇ ಚಾಲೂ ಮಾಡಿ, ತುಳಿದರು. ಕಾರು ಒಮ್ಮೆಯೂ ಕೆಮ್ಮದೆ ಉರುಕುಂದದ ದಾರಿ ಹಿಡಿಯಿತು.

ವಾರ ಕಳೆದ ಮೇಲೆ ಖಾಜಾ ಬಂದ. ಅವನು ನನ್ನ ಶೆಡ್ಡಿಗೆ ಬರುವವನಲ್ಲ.

"ಸಾವ್ಕಾರ್ರು ಹೇಳಿದ್ರು. ಹೆಂಗ ಹಿಡಿದ್ಯೋ ಅದನ್ನ?"

"ಚಾಲೂ ಮಾಡದs ನೋಡ್ದೆ. ಉಸ್ತಾದ್ ಕಲಿಸಿದ್ದು."

ಅವನ ಮುಖ ಸಣ್ಣದಾಯಿತು. "ನಂಗ ಅದನ್ನ ಕಲಿಸ್ಲಿಲ್ಲ" ಅಂದ. ನೆಲ ನೋಡುತ್ತಾ, "ಕನಸಿನ್ಯಾಗರ ಬರ್ತಾರೇನೋ ಅಂತ ಎರಡು ವರ್ಷದಿಂದ ಕಾಯ್ತೀನಿ, ಈರಣ್ಣಾ. ಒಮ್ಮೀನೂ ಬಂದಿಲ್ಲ. ನಿಂಗ?"

ಅವನ ಕಣ್ಣಲ್ಲಿದ್ದ ಉರಿ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಹನ್ನೊಂದು ವರ್ಷ ಅದು ನನ್ನ ಕಣ್ಣಲ್ಲಿತ್ತು. ಖುಷಿಯಾಯಿತು, ಆದದ್ದನ್ನು ಮುಚ್ಚಿಡುವುದಿಲ್ಲ. ಆಮೇಲೆ ನಾಚಿಕೆಯಾಯಿತು. ಆದರೂ ನಿಜ ಹೇಳಲಿಲ್ಲ.

"ಇಲ್ಲ" ಅಂದೆ.

ಈಗಲೂ ಚಳಿಯ ಕೆಲವು ಮುಂಜಾವು, ಶೆಡ್ಡಿನಲ್ಲಿ ಯಾವ ಗಾಡಿ ನಿಂತಿದ್ದರೂ, ಬಾನೆಟ್ ಮೇಲೆ ಒಂದು ಅಂಗೈಯಷ್ಟು ಜಾಗ ಬೆಚ್ಚಗಿರುತ್ತದೆ. ಜರ್ದಾ ವಾಸನೆ ಬರುತ್ತದೆ. ಈರ್ಯಾ ಹೋಗ್ಯಾನೇನು ಅಂತ ದನಿ ಕೇಳುತ್ತದೆ. ಹೋಗ್ಯಾನ ಅನ್ನುತ್ತೇನೆ. ಹೆಂಡತಿ, "ಶೆಡ್ಡಿನ್ಯಾಗ ಮಲಗೋದು ಬಿಡ್ರಿ, ಸೊರಗೀರಿ" ಅನ್ನುತ್ತಾಳೆ. ಬಿಡಲು ಆಗುತ್ತಿಲ್ಲ.

ಒಮ್ಮೆಯಾದರೂ, "ಉಸ್ತಾದ್, ನಾನು ಖಾಜಾ ಅಲ್ಲ, ಈರಣ್ಣ" ಅನ್ನಬೇಕು ಅನ್ನಿಸುತ್ತದೆ. ಬಾಯಿ ಬರುವುದಿಲ್ಲ. ದೆವ್ವದ ಭಯವಲ್ಲ ಅದು... ಹಾಗಂದ ಕೂಡಲೇ ನನ್ನನ್ನು ಮತ್ತೆ ಚಹಾಕ್ಕೆ ಕಳಿಸಿಬಿಟ್ಟರೆ?