'ಮೇತ್' ಎಂಬ ಕ್ರಿಯಾಪದ

ಕಲ್ಕತ್ತದ ಸಾಲ್ಟ್ ಲೇಕ್ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕಂಪನಿಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ನಮ್ಮ ಕಂಪನಿಗೆ ಇಸ್ರೇಲಿನ ಕೆಲಸ ಸಿಕ್ಕಿದ್ದರಿಂದ ನಾನು ಹೀಬ್ರೂ ಕಲಿಯಲು ಹೊರಟೆ. ಕಲಿಸುತ್ತಿದ್ದವರು ಬಾಲಿಗಂಜಿನ ಹಳೇ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದ ವಯಸ್ಸಾದ ಯಹೂದಿ ಮಹಿಳೆ. ಹುಟ್ಟಿದ್ದು ಕಲ್ಕತ್ತದಲ್ಲೇ, ನಡುವೆ ಕೆಲವು ವರ್ಷ ಇಸ್ರೇಲಿನ ಹೈಫಾದಲ್ಲಿ ತಮ್ಮನ ಮನೆಯಲ್ಲಿದ್ದು ವಾಪಸು ಬಂದಿದ್ದರು. ನಾನು ಆಂಟಿ ಅನ್ನುತ್ತಿದ್ದೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ.

ಬರುವುದಕ್ಕೆ ಹೀಬ್ರೂವಿನಲ್ಲೂ ನಮ್ಮ ಕನ್ನಡದ ಹಾಗೇ 'ಬಾ' ಎಂದು ತಿಳಿದಾಗ ಖುಷಿಯಾಗಿತ್ತು. ಆದರೆ 'ಹು ಬಾ' ಅಂದರೆ ಅವನು ಬರುತ್ತಾನೆ. ಅವನು ಬಂದ ಅನ್ನುವುದೂ ಅದೇ 'ಹು ಬಾ'.

"ಯಾವುದು ಅಂತ ಗೊತ್ತಾಗೋದು ಹೇಗೆ ಆಂಟಿ?"

"ಸುತ್ತಲಿನ ಮಾತು ಕೇಳಿಸ್ಕೋ. 'ಮೇತ್' ಕೂಡ ಹಾಗೇ. ಸಾಯ್ತಾನೆ, ಸತ್ತ, ಎರಡಕ್ಕೂ ಅದೇ."

ಮುಂದಿನ ವಾರ ಪಾಠದ ನಡುವೆ ಫೋನ್ ಬಂತು. ಆಂಟಿಗೆ ಕಿವಿ ಮಂದ. ಸ್ವಲ್ಪ ಹೊತ್ತು ಹೆಣಗಾಡಿ ರಿಸೀವರನ್ನು ನನ್ನ ಕೈಗಿಟ್ಟರು. "ನನ್ನ ತಮ್ಮನ ಮಗಳು. ನೀನೇ ಕೇಳು, ಅಭ್ಯಾಸ ಆಗುತ್ತೆ," ಎಂದು ನಕ್ಕರು.

ಆ ಕಡೆ ಅವಳು ಅಳುತ್ತಿದ್ದಳು. "ಅಬಾ ಮೇತ್," ಎಂದಳು. ಅಬಾ ಅಂದರೆ ಅಪ್ಪ. ಸಾಯುತ್ತಿದ್ದಾರೋ, ಸತ್ತೇ ಹೋದರೋ? ಇನ್ನೂ ಆಸ್ಪತ್ರೆಯಲ್ಲಿರಬಹುದು ಎಂಬ ಆಸೆಯಿಂದ "ಮತಾಯ್?" ಎಂದೆ, ಯಾವಾಗ ಎಂದು.

"ಎತ್ಮೋಲ್," ಎಂದಳು. ನಿನ್ನೆ.

ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು. "ಆಂಟಿ, ನಿಮ್ಮ ತಮ್ಮ..." ಅಂದೆ.

"ಹೋದನಾ?" ಎಂದು ಅವರೇ ಕೇಳಿದರು. ತಲೆಯಾಡಿಸಿದೆ.

ಅವರು ಅಳಲಿಲ್ಲ. ಎದ್ದು ಹೊಲಿಗೆ ಡಬ್ಬಿಯಿಂದ ಕತ್ತರಿ ತೆಗೆದು, ತೊಟ್ಟಿದ್ದ ಫ್ರಾಕಿಗೆ ಕೊರಳ ಬಳಿ ಕತ್ತರಿ ಹಾಕಿ, ಪರ್ರನೆ ಹರಿದರು. ಬುದ್ಧಿಭ್ರಮೆಯೇ ಆಯಿತೆಂದು ಹೆದರಿ ನಾನು ಕತ್ತರಿ ಕಸಿದುಕೊಂಡೆ.

"ಹೆದರಬೇಡ ಮಗು. ಒಡಹುಟ್ಟಿದವರು ಹೋದರೆ ನಾವು ಬಟ್ಟೆ ಹರಿದುಕೊಳ್ತೀವಿ," ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಪಕ್ಕದ ಮನೆಯ ಬಂಗಾಳಿ ಹೆಂಗಸನ್ನು ಕರೆದು ಜೊತೆಗೆ ಕೂರಿಸಿ ಹೊರಟೆ. ಗರಿಯಾಹಾಟ್ ಮಾರುಕಟ್ಟೆಯ ಜಂಗುಳಿ ದಾಟಿದ್ದು ನೆನಪಿಲ್ಲ. ಮನೆಯ ಬಾಗಿಲು ತೆರೆದ ನನ್ನ ಗಂಡ ಉಡುಪಿ ಕಡೆಯವರು. "ಎಂಥ ಆಯ್ತು ಮಾರಾಯ್ತಿ, ಮುಖ ಯಾಕೆ ಹೀಗೆ?" ಎಂದರು.

"ಆಂಟಿ ತಮ್ಮ ತೀರಿಕೊಂಡ್ರು. ನಾನೇ ಹೇಳ್ಬೇಕಾಯ್ತು."

ಮರುದಿನ ಇಬ್ಬರೂ ಹಣ್ಣು ತೆಗೆದುಕೊಂಡು ಹೋದೆವು. ಆಂಟಿ ಅದೇ ಹರಿದ ಫ್ರಾಕಿನಲ್ಲಿ ಅವರಲ್ಲಿ ಸೂತಕದವರು ಕೂರುವ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದರು. ನಮಗೆ ಕುರ್ಚಿ ತೋರಿಸಿದರು. ಆಮೇಲೆ, ಚಿಕ್ಕಂದಿನಲ್ಲಿ ಆ ತಮ್ಮನು ಓಡುವ ಟ್ರಾಮಿನಿಂದ ಹಾರಿ ಮುಂದಿನ ಹಲ್ಲು ಮುರಿದುಕೊಂಡದ್ದನ್ನು ನನ್ನ ಗಂಡನಿಗೆ ಹೇಳತೊಡಗಿದರು.