ಅವ್ವನ ನಾಲ್ಕು ಸಾಲು ಮತ್ತು ಹೊಸ ವಿಮಾನ

ಹಿರೇಕೆರೂರಿನಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಹೊಸ ತಳಿಯ ಗೋವಿನಜೋಳ ಬಂದರೆ ಚೀಲದ ಮೇಲಿನ ಚಿತ್ರ ನೋಡಿ ಯಾರೂ ಕೊಳ್ಳುವುದಿಲ್ಲ. ಅಬಲೂರಿನ ನಮ್ಮ ಹೊಲದಲ್ಲಿ, ಬಾವಿಯ ಪಕ್ಕ, ಅವ್ವ ಮೊದಲು ನಾಲ್ಕೇ ಸಾಲು ಬಿತ್ತುತ್ತಾಳೆ. ತೆನೆ ಬಲಿತಾಗ ಬೇಕಾದವರು ಹೋಗಿ ಸಿಪ್ಪೆ ಸುಲಿದು, ಕಾಳು ಮುಟ್ಟಿ ನೋಡಿ ಬರುತ್ತಾರೆ. ಮುಂದಿನ ಮುಂಗಾರಿಗೆ ಅಂಗಡಿಗೆ ಬಂದವರು ಕೇಳುವುದು ಒಂದೇ: ಅವ್ವಾರು ಬಿತ್ತಿದ್ರೇನು? ಹೌದೆಂದರೆ ಚೀಲ ಹೆಗಲೇರುತ್ತದೆ.

ಒಂದು ವರ್ಷ ನಾನು ಸುಳ್ಳು ಹೇಳಿದೆ. ಆ ಬೀಜ ಅಂಗಡಿಗೆ ಬಂದದ್ದೇ ಬಿತ್ತನೆಯ ಹೊತ್ತಿಗೆ. ಅವ್ವ ಅದರ ಒಂದು ಕಾಳನ್ನೂ ನೆಲಕ್ಕೆ ಹಾಕಿರಲಿಲ್ಲ. ಕೇಳಿದವರಿಗೆಲ್ಲ ಹೂಂ ಎಂದೆ. ತೆನೆಗಳಲ್ಲಿ ಅರ್ಧಕ್ಕೇ ಕಾಳು ನಿಂತವು. ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು. ಅವ್ವನೂ ಏನೂ ಕೇಳಲಿಲ್ಲ. ಅವಳಿಗೆ ಗೊತ್ತಾಗಿಲ್ಲ ಎಂದುಕೊಂಡು ನಾನು ಹಾಯಾಗಿ ಇದ್ದುಬಿಟ್ಟೆ.

ಹೋದ ವರ್ಷ ದೆಹಲಿಯಲ್ಲಿರುವ ತಂಗಿಗೆ ಹೃದಯದ ಆಪರೇಷನ್ ಎಂದಾಯಿತು. ಅವಳ ಗಂಡ ಮಿಲಿಟರಿಯಲ್ಲಿದ್ದಾನೆ. ಅವ್ವನ ಮುಖ ನೋಡದೆ ಒಳಗೆ ಹೋಗುವುದಿಲ್ಲ ಎಂದು ತಂಗಿ ಹಟ ಹಿಡಿದಳು. ಡಾಕ್ಟರು ಇದ್ದಕ್ಕಿದ್ದಂತೆ ನಾಳೆ ಬೆಳಗ್ಗೆಯೇ ಎಂದರು. ರೈಲು ಹತ್ತಿದರೆ ಮುಟ್ಟುವ ಮಾತೇ ಇಲ್ಲ. ತಂಗಿಯ ಗಂಡ ಹುಬ್ಬಳ್ಳಿಯಿಂದ ವಿಮಾನದ ಎರಡು ಟಿಕೆಟ್ ಕಳಿಸಿದ.

ಟಿಕೆಟ್ಟಿನಲ್ಲಿ ವಿಮಾನದ ಮಾದರಿಯ ಹೆಸರಿತ್ತು. ಸುಮ್ಮನಿರದೆ ಅದನ್ನು ಫೋನಿನಲ್ಲಿ ಹುಡುಕಿದೆ. ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ಹೊಸ ಮಾದರಿ, ಹಾರಾಟ ಶುರುವಾದ ಮೇಲೆ ಬಿದ್ದದ್ದೂ ಉಂಟು, ಎಲ್ಲವನ್ನೂ ಇಳಿಸಿ ನಿಲ್ಲಿಸಿದ್ದೂ ಉಂಟು. ಈಗ ಸರಿಮಾಡಿ ಮತ್ತೆ ಬಿಟ್ಟಿದ್ದಾರಂತೆ. ಏನೂ ಭಯವಿಲ್ಲ ಎಂದು ಹೇಳಿದವರು ಅದನ್ನು ತಯಾರಿಸಿದವರೇ. ಓದಿ ಮೈಯೆಲ್ಲ ಉರಿಯಿತು. ನಾನೂ ಅಂಗಡಿಯಲ್ಲಿ ನಿಂತು ಅದೇ ಧಾಟಿಯಲ್ಲಿ ಮಾತಾಡಿದವನಲ್ಲವೇ.

ಬಸ್ಸಿನಲ್ಲಿ ಫೋನು ತೆಗೆದೆ, ಇಟ್ಟೆ, ಮತ್ತೆ ತೆಗೆದೆ. ಕಿಟಕಿಯ ಗಾಜನ್ನು ಎಷ್ಟು ಸಲ ಸರಿಸಿದೆನೆಂದರೆ ಹಿಂದಿನ ಸೀಟಿನವರು ಬೈದೇಬಿಟ್ಟರು. ಅವ್ವ ಮಗಳಿಗೆಂದು ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅಲುಗದೆ ಕೂತಿದ್ದಳು. ಹಾವೇರಿ ದಾಟಿ ಶಿಗ್ಗಾಂವಿಗೆ ಬಂದಾಗ ಅವಳನ್ನು ಕರೆದುಕೊಂಡು ಇಳಿದುಬಿಡೋಣ ಎನಿಸಿತು. ಇಳಿದರೆ ತಂಗಿ ಒಳಗೆ ಹೋಗುವುದಿಲ್ಲ. ಇಳಿಯದಿದ್ದರೆ ಅವ್ವನನ್ನು ನಾನೇ ಕೈಯಾರೆ ಹತ್ತಿಸಿದಂತೆ. ಹೇಳಲೋ ಬೇಡವೋ ಎಂದು ಬಾಯಿಗೆ ಬಂದದ್ದನ್ನು ಹುಬ್ಬಳ್ಳಿಯವರೆಗೂ ನುಂಗುತ್ತಲೇ ಹೋದೆ.

ನಿಲ್ದಾಣದ ಗಾಜಿನಾಚೆ ವಿಮಾನ ಮಿರಮಿರ ಮಿಂಚುತ್ತಿತ್ತು. ಅವ್ವ ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದಳು.

“ಹೊಸಾದ ಕಾಣತೈತಿ. ಮೊದಲ ನಾಲ್ಕ ಸಾಲು ಬಿತ್ತಿ ನೋಡ್ಯಾರೇನು?”

ಹೂಂ ಎನ್ನುವುದು ನನಗೇನು ಹೊಸದಲ್ಲ. ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಹತ್ತುವವರು ಆಗಲೇ ಬಾಗಿಲ ಕಡೆ ಹೊರಟಿದ್ದರು.

“ನೋಡ್ಯಾರಬೇ. ಮೊದಲ ಬಿದ್ದಾವು, ಮಂದಿ ಸತ್ತಾರ. ನಿಲ್ಲಿಸಿ, ರಿಪೇರಿ ಮಾಡಿ ಮತ್ತ ಬಿಟ್ಟಾರ. ಈಗ ದಿನಾ ಹಾರಾಕತ್ತಾವಂತ. ನನಗಂತೂ ಅಂಜಿಕಿ ಐತಿ. ಬ್ಯಾಡಂದ್ರ ಹೊಳ್ಳಿ ಹೋಗೂಣು.”

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ರಿಪೇರಿ ಮಾಡಿದವರು ತಾವೂ ಇದರಲ್ಲಿ ಹತ್ತುತ್ತಾರೇನು ಎಂದು ಕೇಳಿದಳು. ಅದು ಗೊತ್ತಿಲ್ಲ, ನಡೆಸುವವನಂತೂ ಒಳಗೇ ಕೂರುತ್ತಾನೆ ಎಂದೆ. ಅವಳು ಮತ್ತೊಮ್ಮೆ ವಿಮಾನವನ್ನು ನೋಡಿದಳು. ಆಮೇಲೆ ಗಂಟನ್ನು ನನಗೆ ಕೊಡದೆ ತಾನೇ ಎತ್ತಿಕೊಂಡು ಬಾಗಿಲ ಕಡೆ ನಡೆದಳು.

ವಿಮಾನ ಏಳುವಾಗ ಅವಳ ಉಗುರುಗಳು ನನ್ನ ಮುಂಗೈಗೆ ಇಳಿದಿದ್ದವು. ವಿಮಾನ ಅಲುಗಿದಾಗಲೆಲ್ಲ ಆ ವರ್ಷ ನನ್ನ ಮಾತು ನಂಬಿ ಚೀಲ ಹೊತ್ತು ಹೋದವರ ಮುಖಗಳು ಒಂದೊಂದಾಗಿ ನೆನಪಾದವು.

ಮರುದಿನ ಬೆಳಗ್ಗೆ ದೆಹಲಿಯ ಆಸ್ಪತ್ರೆಯಲ್ಲಿ, ಸ್ಟ್ರೆಚರಿನ ಮೇಲೆ ಮಲಗಿದ್ದ ತಂಗಿ ಅವ್ವನ ಕೈ ಹಿಡಿದು, ವಿಮಾನದಲ್ಲಿ ಅಂಜಿಕೆ ಬರಲಿಲ್ಲವೇ ಎಂದು ಕೇಳಿದಳು.

“ಬಂತು. ಆದ್ರ ನಿಮ್ಮಣ್ಣ ಈ ಸಲ ಖರೇ ಹೇಳಿದ್ದ, ಅದಕ್ಕ ಹತ್ತಿದೆ.”

ತಂಗಿಗೆ ಏನೂ ತಿಳಿಯಲಿಲ್ಲ, ಸುಮ್ಮನೆ ನಕ್ಕಳು. ಅವಳನ್ನು ಒಳಗೆ ಕರೆದೊಯ್ದರು. ಅವ್ವ ನನ್ನ ಕಡೆ ನೋಡದೆ ಗಂಟು ಬಿಚ್ಚಿ, ಒಂದು ರೊಟ್ಟಿ ಮುರಿದು ಕೊಟ್ಟಳು.

ತಂಗಿ ಈಗ ಚೆನ್ನಾಗಿದ್ದಾಳೆ. ಆ ವರ್ಷ ಚೀಲ ಒಯ್ದವರ ಮನೆಗಳಿಗೆ ನಾನು ಇನ್ನೂ ಹೋಗಿಲ್ಲ.